ಗಾಜಿನ ತೊಟ್ಟಿಗೆ ಬಂದ ಗಪ್ಪಿ

ಮಕ್ಕಳು ಹಠ ಮಾಡಿ ತರಿಸುವ ಸಣ್ಣ ಗಾಜಿನ ತೊಟ್ಟಿಗೆ ಗಪ್ಪಿ ಮೀನು ಬಿಡಿ ಅಂತ ನಾನು ಹೇಳುತ್ತೇನೆ. 1866ರಲ್ಲಿ ಟ್ರಿನಿಡಾಡ್ ದ್ವೀಪದಿಂದ ಗಪ್ಪಿ ಎಂಬ ಮಹನೀಯರು ಕಳಿಸಿದ ಮೀನಿಗೆ ಲಂಡನ್ನಿನ ವಿದ್ವಾಂಸ ಗುಂಥರ್ ಅವರ ಹೆಸರನ್ನೇ ಇಟ್ಟರು. ಜರ್ಮನಿಯ ಪೀಟರ್ಸ್ 1859ರಲ್ಲೇ ಅದನ್ನು ವರ್ಣಿಸಿದ್ದರಿಂದ ಆ ಶಾಸ್ತ್ರೀಯ ಹೆಸರು ನಿಲ್ಲಲಿಲ್ಲ. ಜನರ ಬಾಯಲ್ಲಿ ಗಪ್ಪಿ ಮಾತ್ರ ಉಳೀತು. ನಮ್ಮ ದೇಶಕ್ಕೆ 1908ರಲ್ಲಿ ತಂದದ್ದು ಅಂದಕ್ಕಲ್ಲ, ಸೊಳ್ಳೆಯ ಮರಿಹುಳು ತಿನ್ನಲಿ ಅಂತ.

ಅದೇ ಕೆಲಸಕ್ಕೆ 1928ರಲ್ಲಿ ಬಂದ ಗಂಬೂಸಿಯ ನೋಡಲು ಹೆಣ್ಣು ಗಪ್ಪಿಯಂತೆಯೇ. ಮೋಸಹೋಗಬೇಡಿ, ಅದು ಜೊತೆ ಮೀನುಗಳ ರೆಕ್ಕೆ ಕಚ್ಚುತ್ತೆ. ಗಪ್ಪಿ ಸಾಧು, ಗಡಸು ನೀರಿಗೂ ಒಗ್ಗುತ್ತೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತೆ, ಸುಮಾರು ತಿಂಗಳಿಗೊಮ್ಮೆ. ಹೆಚ್ಚಾದ ಮರಿಗಳನ್ನು ಹಳ್ಳಕ್ಕೆ ಸುರೀಬೇಡಿ. ನಮ್ಮ ಊರಿನ ಪುಟ್ಟ ಮೀನುಗಳ ಪಾಲನ್ನು ಅವು ಕಸಿದುಕೊಳ್ಳುತ್ತವೆ. ಬರೀ ಗಂಡು ಸಾಕಿದರೆ ಆ ತೊಂದರೆಯೇ ಇಲ್ಲ. ಬಣ್ಣ ಇರೋದೂ ಗಂಡಿಗೇ.