ದೋಣಿ ಹೊರುವ ಹೆಗಲು

ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ರಜೆ ಸಿಕ್ಕಾಗಲೆಲ್ಲ ಕೆರ‍್ರಿ ಸೀಮೆಯ ಪಶ್ಚಿಮ ತುದಿಯ ಡನ್‌ಕ್ವಿನ್‌ಗೆ ಹೋಗುತ್ತೇನೆ. ಸುತ್ತಿ ಸುತ್ತಿ ಇಳಿಯುವ ಕಡಿದಾದ ದಾರಿಯ ಕೊನೆಗೆ ಒಂದು ಧಕ್ಕೆ. ಎದುರಿಗೆ, ಸುಮಾರು 2 ಕಿಲೋಮೀಟರ್ ಕಡಲಿನ ಆಚೆ, ಗ್ರೇಟ್ ಬ್ಲಾಸ್ಕೆಟ್ ದ್ವೀಪ. ಅಲ್ಲಿದ್ದ ಹಳ್ಳಿಯ ಬಹುತೇಕ ಮನೆಗಳು ಈಗ ಬರೀ ಗೋಡೆ.

1916ರ ಹೊತ್ತಿಗೆ ಅಲ್ಲಿ 170ಕ್ಕೂ ಹೆಚ್ಚು ಜನರಿದ್ದರು. ಶಾಲೆ ಇತ್ತು, ಅಂಚೆ ಕಚೇರಿ ಇತ್ತು. ಚರ್ಚ್ ಇರಲಿಲ್ಲ, ವೈದ್ಯರಿರಲಿಲ್ಲ. ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಮನೆಗಳನ್ನು ಗುಡ್ಡ ಅಗೆದು ಇಳಿಜಾರಿಗೆ ಒತ್ತಿಕೊಂಡಂತೆ ಕಟ್ಟಿದ್ದರು. ಮಿಕ್ಕದ್ದಕ್ಕೆಲ್ಲ ದೋಣಿಯೇ ಗತಿ.

ಆ ದೋಣಿಗೆ ಅವರ ಮಾತಿನಲ್ಲಿ ನೇವೋಗ್ ಎಂದು ಹೆಸರು. ತೆಳು ಮರದ ಪಟ್ಟಿಗಳ ಹಂದರಕ್ಕೆ ಕ್ಯಾನ್ವಾಸ್ ಹೊದಿಸಿ ಡಾಂಬರು ಬಳಿದದ್ದು. ಬಂಡೆಗೆ ಉಜ್ಜಿದರೆ ಹರಿಯುತ್ತದೆ. ಹಾಗಾಗಿ ದಡ ಮುಟ್ಟಿದ ಕೂಡಲೇ ನೀರಿನಿಂದ ಎತ್ತಿ, ಬೋರಲು ಹಾಕಿ, ಮೂರು ನಾಲ್ಕು ಜನ ಒಳಗೆ ತಲೆ ಕೊಟ್ಟು ಹೆಗಲ ಮೇಲೆ ಹೊತ್ತು ಏರು ಹತ್ತಬೇಕು. ದೂರದಿಂದ ನೋಡುವವರಿಗೆ ಕಾಣುವುದು ಕಾಲುಗಳು ಮಾತ್ರ. ಮಾರಲು ಒಯ್ಯುವ ಆಕಳನ್ನೂ ಕಾಲು ಕಟ್ಟಿ ಇದರಲ್ಲೇ ಮಲಗಿಸುತ್ತಿದ್ದರು; ಒಂದು ಗೊರಸು ಝಾಡಿಸಿದರೆ ಎಲ್ಲರೂ ನೀರುಪಾಲು. ಮದುವೆಗೆ ಹೊರಟ ಹುಡುಗಿಗೂ, ಮಣ್ಣಿಗೆ ಹೊರಟ ಹೆಣಕ್ಕೂ ಅದೇ ದೋಣಿ.

ಇಷ್ಟು ಪುಟ್ಟ ಊರು ಐರಿಷ್ ಭಾಷೆಗೆ ಕೊಟ್ಟದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೀನುಗಾರ ತೊಮಾಸ್ ಓ'ಕ್ರೋಹನ್ ತನ್ನ ಭಾಷೆಯನ್ನು ಬರೆಯಲು ಕಲಿತದ್ದೇ ನಡುವಯಸ್ಸಿನಲ್ಲಿ. ಅವನ ಆತ್ಮಕಥೆ 1929ರಲ್ಲಿ ಅಚ್ಚಾಯಿತು. ಅದೇ ಊರಿನ ಪೆಗ್ ಸೇಯರ್ಸ್ ತನ್ನ ಬದುಕಿನ ಕಥೆಯನ್ನು ಬಾಯಲ್ಲಿ ಹೇಳಿದ್ದನ್ನು ಮಗ ಬರೆದುಕೊಂಡ. ಅದು 1936ರಲ್ಲಿ ಬಂತು. ದ್ವೀಪಕ್ಕೆ ಮತ್ತೆ ಮತ್ತೆ ಬರುತ್ತಿದ್ದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ರಾಬಿನ್ ಫ್ಲವರ್‌ಗೆ ಊರಿನವರು 'ಪುಟ್ಟ ಹೂವು' ಎಂಬರ್ಥದ ಐರಿಷ್ ಹೆಸರಿಟ್ಟಿದ್ದರು. 1946ರಲ್ಲಿ ಆತ ತೀರಿಕೊಂಡಾಗ ಚಿತಾಭಸ್ಮವನ್ನು ದ್ವೀಪದಲ್ಲೇ ಚೆಲ್ಲಿದರು.

ಬಡತನ ಆ ಹಳ್ಳಿಯನ್ನು ಮುಗಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಡತನ ಅಲ್ಲಿ ಎಂದೂ ಇತ್ತು. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ಗೆ ಹೋದರು. ಮಕ್ಕಳಿಲ್ಲದೆ 1941ರಲ್ಲಿ ಶಾಲೆ ಮುಚ್ಚಿತು. ದೋಣಿ ಹೊರುವ ಹೆಗಲುಗಳೇ ಉಳಿಯಲಿಲ್ಲ.

1947ರ ಜನವರಿಯಲ್ಲಿ ಒಬ್ಬ ತರುಣ ಮೆನಿಂಜೈಟಿಸ್‌ನಿಂದ ಸತ್ತ. ಬಿರುಗಾಳಿಗೆ ಸಿಕ್ಕಿ ಫೋನು ಕೆಟ್ಟಿತ್ತು. ವೈದ್ಯರೂ ಬರಲಿಲ್ಲ, ಪಾದ್ರಿಯೂ ಬರಲಿಲ್ಲ. ಆ ಜ್ವರ, ಬಿಗಿದುಕೊಂಡ ಆ ಕುತ್ತಿಗೆ ನನ್ನ ವಾರ್ಡಿನಲ್ಲಿ ನಾನು ನೋಡಿದ್ದೇನೆ. ಗಂಟೆಗಳ ಲೆಕ್ಕ ಅದು. ಧಕ್ಕೆಯ ಮೇಲೆ ನಿಂತಾಗಲೆಲ್ಲ ಅವನ ಮಂಚದ ಪಕ್ಕ ಕೈಕಟ್ಟಿ ಕೂತ ಮನೆಯವರೇ ಕಣ್ಣಿಗೆ ಕಟ್ಟುತ್ತಾರೆ. ಅದೇ ವರ್ಷ ಊರಿನವರು ಊಟಕ್ಕೂ ಗತಿಯಿಲ್ಲವೆಂದು ಪ್ರಧಾನಿ ಡಿ ವಲೇರಾಗೆ ತಂತಿ ಕಳಿಸಿದರು. ಆತ ಬಂದು ನೋಡಿಹೋದ ಮೇಲೂ ದ್ವೀಪ ಬಿಟ್ಟು ಹೊರಡಲು ಆರು ವರ್ಷ ಕಾಯಬೇಕಾಯಿತು.

1953ರ ನವೆಂಬರ್ 17ರಂದು ತೆರವು ಶುರುವಾದಾಗ ಉಳಿದಿದ್ದವರು 22 ಜನ. ಅವರಿಗೆ ಡನ್‌ಕ್ವಿನ್‌ನಲ್ಲೇ ಮನೆ ಕೊಟ್ಟರು. ಅಲ್ಲಿಂದ ದ್ವೀಪ ಕಾಣುತ್ತದೆ.