ಸರ್ಪಸುತ್ತು ಮಾಸಿದ ಮೇಲೂ ಉಳಿಯುವ ನರಶೂಲೆ

ಸರ್ಪಸುತ್ತಿನ ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ, ಹಕ್ಕಳೆ ಉದುರಿ ಮಾಯವಾಗುತ್ತವೆ. ಕೆಲವರಲ್ಲಿ ಮಾತ್ರ ಗುಳ್ಳೆಯಿದ್ದ ಜಾಗದ ಉರಿ ಉಳಿದುಬಿಡುತ್ತದೆ. ಮೂರು ತಿಂಗಳು ಕಳೆದರೂ ಆ ನೋವು ಹೋಗದಿದ್ದರೆ ವೈದ್ಯರು ಅದನ್ನು ‘ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ’ ಎಂದು ಕರೆಯುತ್ತಾರೆ. ನಾವು ಸರ್ಪಸುತ್ತಿನ ನಂತರದ ನರಶೂಲೆ ಎನ್ನೋಣ. ಸರ್ಪಸುತ್ತು ಬಂದವರಲ್ಲಿ ಸುಮಾರು ಶೇ. 10ರಿಂದ 18 ಮಂದಿಯನ್ನು ಇದು ಕಾಡುತ್ತದೆ. ನಲವತ್ತರೊಳಗಿನವರಲ್ಲಿ ವಿರಳ, ಅರವತ್ತು ದಾಟಿದವರಲ್ಲಿ ಹೆಚ್ಚು. ನಮ್ಮ ಮನೆಗಳಲ್ಲಿ ಇದು ಬಹುಮಟ್ಟಿಗೆ ಅಜ್ಜ-ಅಜ್ಜಿಯರ ನೋವು.

ಗಡಿನಾಡಿನ ನಮಗೆ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ಸೊಲ್ಲಾಪುರ, ಜತ್ತದ ಕಡೆ ಮರಾಠಿಯಲ್ಲಿ ಇದು ‘ನಾಗೀಣ’. ಆದೋನಿ, ರಾಯದುರ್ಗದಲ್ಲಿ ತೆಲುಗರು ‘ಸರ್ಪಿ’ ಎನ್ನುತ್ತಾರೆ. ಹೊಸೂರು, ತಾಳವಾಡಿಯಲ್ಲಿ ತಮಿಳಿನ ‘ಅಕ್ಕಿ’. ನಮ್ಮ ಹಿರಿಯರ ಕಿವಿಗೆ ಅದು ಅನ್ನದ ಅಕ್ಕಿಯಾಗಿಯೇ ಕೇಳುವುದು ಸಹಜ. ‘ಹರ್ಪಿಸ್ ಜೋಸ್ಟರ್’ ಎಂಬ ವೈದ್ಯಕೀಯ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾವ ರಾಜ್ಯದ ಆಸ್ಪತ್ರೆಯಲ್ಲೂ ಗೊಂದಲವಾಗದು.

ಹೆಸರಿನಲ್ಲಿ ಸರ್ಪವಿದ್ದರೂ ಕಾರಣ ಸರ್ಪವಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು ತರುವ ವೈರಾಣುವೇ ಇದಕ್ಕೂ ಮೂಲ. ಸಿಡುಬು ವಾಸಿಯಾದ ಬಳಿಕ ಅದು ದೇಹವನ್ನು ಬಿಟ್ಟುಹೋಗದೆ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಸುಪ್ತವಾಗಿರುತ್ತದೆ. ವಯಸ್ಸಿನಿಂದಲೋ ಇತರ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಕುಟುಂಬವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ಈ ವಿವರಣೆಯನ್ನು 1965ರಲ್ಲಿ ಮಂಡಿಸಿದರು. ಪ್ರತಿ ನರವೂ ದೇಹದ ಒಂದೇ ಪಾರ್ಶ್ವಕ್ಕೆ ಸೇರಿರುವುದರಿಂದ ಗುಳ್ಳೆಗಳ ಪಟ್ಟಿ ಸಾಮಾನ್ಯವಾಗಿ ನಡುಗೆರೆಯಲ್ಲಿ ನಿಂತುಬಿಡುತ್ತದೆ. ಹೆಡೆಯೂ ಬಾಲವೂ ಕೂಡಿದರೆ ಸಾವು ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ.

ಹರಕೆ, ಪೂಜೆ ಅವರವರ ನಂಬಿಕೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಕಾವಿ ಬಳಿಸಿ, ಮಂತ್ರ ಹಾಕಿಸಿ, ‘ಇನ್ನೆರಡು ದಿನ ನೋಡೋಣ’ ಎಂದು ಕಾಯುವಾಗ ಕಳೆದುಹೋಗುವುದು ಅಮೂಲ್ಯವಾದ 72 ಗಂಟೆಗಳು. ಏಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮುಂತಾದ ವೈರಾಣುನಿರೋಧಕ ಮಾತ್ರೆಗಳನ್ನು ಗುಳ್ಳೆ ಕಾಣಿಸಿದ ಆ ಅವಧಿಯೊಳಗೆ ಆರಂಭಿಸಿದರೆ ಗುಳ್ಳೆಗಳು ಬೇಗ ಒಣಗುತ್ತವೆ, ಆರಂಭದ ನೋವು ತಗ್ಗುತ್ತದೆ. ಮುಂದಿನ ನರಶೂಲೆಯನ್ನು ಅವು ಖಂಡಿತವಾಗಿ ತಡೆಯುತ್ತವೆ ಎನ್ನಲಾಗದು, ಆದರೂ ತಡಮಾಡಬಾರದು. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರಂತೂ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ದೃಷ್ಟಿಗೇ ಅಪಾಯವುಂಟು.

ನರಶೂಲೆಯ ಸ್ವರೂಪವನ್ನು ಮನೆಯವರು ಅರಿಯುವುದು ಅಗತ್ಯ. ವೈರಾಣುವಿನಿಂದ ಘಾಸಿಗೊಂಡ ನರವು ಕಾರಣವಿಲ್ಲದೆಯೇ ಮಿದುಳಿಗೆ ನೋವಿನ ಸಂದೇಶ ಕಳಿಸುತ್ತಿರುತ್ತದೆ. ಕೆಂಡವಿಟ್ಟಂತಹ ಉರಿ, ಸೂಜಿ ಚುಚ್ಚಿದಂತಹ ಇರಿತ, ವಿದ್ಯುತ್ ಹೊಡೆದಂತಹ ಸೆಳೆತ. ಕೆಲವರಿಗೆ ತುರಿಕೆ, ಕೆಲವರಿಗೆ ಜೋಮು. ರವಿಕೆಯ ಅಂಚು, ಹೊದಿಕೆ, ಫ್ಯಾನಿನ ಗಾಳಿ ತಾಗಿದರೂ ಸಹಿಸಲಾಗದು. ಹೊರಗೆ ನೋಡಿದರೆ ಚರ್ಮ ವಾಸಿಯಾಗಿದೆ. ಆದ್ದರಿಂದಲೇ ‘ಎಲ್ಲ ಒಣಗಿದೆ, ಇನ್ನೇನು ನೋವು?’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ನಿದ್ರೆಯಿಲ್ಲದೆ ಸೊರಗಿದ ಹಿರಿಯರು ಆ ಮಾತಿಗೆ ಹೆದರಿ ಹೇಳುವುದನ್ನೇ ನಿಲ್ಲಿಸುತ್ತಾರೆ. ಖಿನ್ನತೆ ಜೊತೆಗೂಡುವುದು ಇಂತಹ ಮೌನದಲ್ಲಿಯೇ.

ನರದ ನೋವನ್ನು ವೈದ್ಯರು ಬಹುಪಾಲು ರೋಗಿಯ ಮಾತಿನಿಂದಲೇ ಗುರುತಿಸುತ್ತಾರೆ. ಉರಿ, ಚುಚ್ಚು, ಸೆಳೆತ, ಜುಮುಗುಟ್ಟುವಿಕೆ ಎಂಬ ಭೇದಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬಲ್ಲ ಅಜ್ಜಿ, ಬೇರೆ ಭಾಷೆಯ ವೈದ್ಯರ ಎದುರು ‘ನೋವು’ ಎಂಬ ಒಂದೇ ಪದಕ್ಕೆ ಇಳಿಯುತ್ತಾಳೆ. ಸಾಧಾರಣ ನೋವಿನ ಮಾತ್ರೆ ಪಡೆದು ಮರಳುತ್ತಾಳೆ. ನರಶೂಲೆಗೆ ಅಂತಹ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ರಾಜ್ಯಭಾಷೆಯನ್ನೂ ಕಲಿತಿರುವ ನಮ್ಮ ಶಾಲೆಯ ಮಕ್ಕಳು ಇಲ್ಲಿ ನೆರವಾಗಬಲ್ಲರು. ನೋವು ಎಲ್ಲಿ, ಯಾವ ಬಗೆಯದು, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ರೆ ಬಂತು, ಯಾವ ಮಾತ್ರೆಯಿಂದ ಏನಾಯಿತು ಎಂದು ದಿನವೂ ಒಂದು ಪುಸ್ತಕದಲ್ಲಿ ಬರೆದು, ಎರಡು ವಾರದ್ದನ್ನು ಆ ಭಾಷೆಗೆ ತಿರುಗಿಸಿ ಒಯ್ದರೆ ವೈದ್ಯರಿಗೆ ಬಹಳ ಅನುಕೂಲ. ಔಷಧದ ಪ್ರಮಾಣವನ್ನು ಕೇಳಿ ತಿಳಿಯುವ ಹೊಣೆ ಮಾತ್ರ ದೊಡ್ಡವರದೇ ಆಗಿರಲಿ.

ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಇದಕ್ಕೆ ಸಾಮಾನ್ಯವಾಗಿ ಕೊಡುವ ಔಷಧಗಳು. ಕೆಲವು ಅಪಸ್ಮಾರಕ್ಕೆ, ಕೆಲವು ಖಿನ್ನತೆಗೆ ಬಳಕೆಯಾಗುವಂಥವು. ಔಷಧದಂಗಡಿಯಲ್ಲಿ ಯಾರೋ ‘ಇದು ತಲೆಯ ಕಾಯಿಲೆಯ ಮಾತ್ರೆ’ ಎಂದರೆ ಗಾಬರಿಯಾಗಿ ಎಸೆಯಬೇಕಿಲ್ಲ. ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುವುದರಿಂದ ಫಲ ಕಾಣಲು ವಾರಗಳು ಬೇಕು. ತೂಕಡಿಕೆ, ತಲೆಸುತ್ತು ಬರಬಹುದು. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ವಾಸಿಯಾದ ಚರ್ಮದ ಮೇಲೆ ಅಂಟಿಸುವ ಲಿಡೋಕೇನ್ ಪಟ್ಟಿಯೂ ಉಂಟು. ಒಡೆದ ಗುಳ್ಳೆಗೆ ಅದು ಸಲ್ಲದು. ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಮಾತ್ರೆಗಳ ಖರ್ಚು ತಗ್ಗೀತು.

ಮನೆಯಲ್ಲಿ ಸಡಿಲವಾದ ಹತ್ತಿಯ ಬಟ್ಟೆ ಹಿತ. ತಣ್ಣೀರ ಬಟ್ಟೆ ಕೆಲವರಿಗೆ ಆರಾಮ ಕೊಡುತ್ತದೆ, ಕೆಲವರಿಗೆ ನೋವು ಕೆರಳಿಸುತ್ತದೆ. ಬಿಸಿನೀರಿನ ಚೀಲ ಬೇಡ: ಜೋಮು ಹಿಡಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಹಕ್ಕಳೆಗಟ್ಟಿದ ಮೇಲೆ ಇದು ಯಾರಿಗೂ ಅಂಟದು. ಮೊಮ್ಮಕ್ಕಳನ್ನು ಅಜ್ಜಿಯಿಂದ ದೂರವಿಡುವುದು ಅನಗತ್ಯ. ಹಸಿ ಗುಳ್ಳೆಯಿರುವಾಗ ಮಾತ್ರ, ಸಿಡುಬೂ ಬರದ ಲಸಿಕೆಯೂ ಆಗದ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಸಿಡುಬು ತಗಲಬಹುದಾದ್ದರಿಂದ ಗುಳ್ಳೆಗಳನ್ನು ಮುಚ್ಚಿಡಬೇಕು.

ಐವತ್ತು ದಾಟಿದವರಿಗೆ ‘ಶಿಂಗ್ರಿಕ್ಸ್’ ಎಂಬ ಲಸಿಕೆ ಭಾರತದಲ್ಲಿ 2023ರಿಂದ ದೊರೆಯುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ದೊಡ್ಡ ಪರೀಕ್ಷೆಗಳಲ್ಲಿ ಸರ್ಪಸುತ್ತನ್ನು ಶೇ. 90ಕ್ಕಿಂತ ಹೆಚ್ಚು ತಡೆದಿದೆ. ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಇಲ್ಲದ ಕಾರಣ ಕೂಲಿ ಮಾಡುವ ಕುಟುಂಬಗಳಿಗೆ ಅದರ ಬೆಲೆ ಭಾರವೇ. ಈಗಾಗಲೇ ಇರುವ ನರಶೂಲೆಯನ್ನು ಅದು ಗುಣಪಡಿಸದು. ಒಮ್ಮೆ ಸರ್ಪಸುತ್ತು ಬಂದವರಿಗೆ ಮತ್ತೆ ಬಾರದಂತೆ ಕೊಡಬಹುದು, ಯಾವಾಗ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.