ಒಂದು ನಗರದ 80 ಸಂಪುಟಗಳು

ಅರಬಿ ಭಾಷೆಯಲ್ಲಿ ಊರುಗಳ ಚರಿತ್ರೆ ಬರೆಯುವ ದೊಡ್ಡ ಪರಂಪರೆಯೇ ಇತ್ತು. 11ನೇ ಶತಮಾನದಲ್ಲಿ ಖತೀಬ್ ಬಗ್ದಾದಿ ತನ್ನ ನಗರದ ಚರಿತ್ರೆ ಬರೆದರು. ಅದೇ ದಾರಿಯಲ್ಲಿ ನಡೆದು ಅದಕ್ಕಿಂತಲೂ ಬೃಹತ್ತಾದ ಗ್ರಂಥ ರಚಿಸಿದವರು ಹದೀಸ್ ವಿದ್ವಾಂಸ ಇಬ್ನ್ ಅಸಾಕಿರ್ (1105-1176). ಅವರ 'ತಾರೀಖು ದಿಮಶ್ಕ್' ಅಂದರೆ ದಮಾಸ್ಕಸ್ ನಗರದ ಇತಿಹಾಸ, 80 ಸಂಪುಟಗಳಷ್ಟು ವಿಸ್ತಾರವಾದುದು.

ಗ್ರಂಥದ ಮೊದಲ ಭಾಗ ನಗರದ ಕುರಿತು. ಅಲ್ಲಿ ಕೋಟೆಬಾಗಿಲುಗಳಿವೆ, ಮಸೀದಿಗಳಿವೆ, ಬರದಾ ನದಿಯಿಂದ ಹೊರಟ ಕಾಲುವೆಗಳಿವೆ, ಕಬರಸ್ಥಾನಗಳಿವೆ. ಖಲೀಫ ವಲೀದ್ 8ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಉಮಯ್ಯದ್ ಮಸೀದಿಯ ವಿವರಗಳಂತೂ ಧಾರಾಳ. ಮಸೀದಿಗಳ ಜೊತೆಗೆ ಕ್ರೈಸ್ತರ ಇಗರ್ಜಿಗಳಿಗೂ ಈ ಹದೀಸ್ ಪಂಡಿತ ಜಾಗ ಕೊಟ್ಟಿದ್ದಾರೆ. ಊರು ಎಂದರೆ ಎಲ್ಲರದೂ ತಾನೆ?

ಉಳಿದದ್ದೆಲ್ಲ ಮನುಷ್ಯರ ಕತೆ. ದಮಾಸ್ಕಸ್‌ನಲ್ಲಿ ಹುಟ್ಟಿದವರು ಮಾತ್ರವಲ್ಲ, ಅಲ್ಲಿ ತಂಗಿದವರು, ಆ ದಾರಿಯಾಗಿ ಹಾದುಹೋದವರು ಕೂಡ ಈ ಗ್ರಂಥದಲ್ಲಿ ಊರಿನವರೇ. ಹೀಗೆ ಸುಮಾರು 10 ಸಾವಿರ ಮಂದಿ ಅಕಾರಾದಿಯಾಗಿ ಬರುತ್ತಾರೆ. ಪ್ರತಿಯೊಂದು ಮಾತಿಗೂ ಯಾರು ಯಾರಿಂದ ಕೇಳಿದರು ಎಂಬ ಸನದ್ ಉಂಟು. ದುರ್ಬಲ ವರದಿಗಳೂ ಇವೆ, ನಿಜ. ಆದರೆ ಸಾಕ್ಷಿಗಳ ಹೆಸರು ಮುಂದಿರುವುದರಿಂದ ಓದುಗ ತಾನೇ ಒರೆಗೆ ಹಚ್ಚಿ ನೋಡಬಹುದು.

ಈ ಗ್ರಂಥದ ಕೊನೆಯಲ್ಲಿ ಸ್ತ್ರೀಯರಿಗೆಂದೇ ಮೀಸಲಾದ ಭಾಗವೊಂದಿದೆ. ಸುಮಾರು 200 ಮಹಿಳೆಯರ ಚರಿತ್ರೆ ಅಲ್ಲಿದೆ. ಖಲೀಫರ ಮನೆತನದವರ ಜೊತೆಯಲ್ಲಿ ಹದೀಸ್ ವಿದುಷಿಯರೂ ಇದ್ದಾರೆ. ಅವರಲ್ಲಿ ಒಬ್ಬರು ಉಮ್ಮುದ್ದರ್ದಾ. ಪ್ರವಾದಿಯವರ ಸಂಗಾತಿ ಅಬುದ್ದರ್ದಾರ ಆಶ್ರಯದಲ್ಲಿ ಬೆಳೆದ ಈ ಅನಾಥ ಬಾಲೆ ಮುಂದೆ ಅವರ ಪತ್ನಿಯಾದರು, ದಮಾಸ್ಕಸ್‌ನ ಮಸೀದಿಯಲ್ಲಿ ಪಾಠ ಹೇಳುವ ಗುರುವಾದರು. ಜೆರುಸಲೇಮಿನ ಬಂಡೆಗುಮ್ಮಟ ಕಟ್ಟಿಸಿದ ಖಲೀಫ ಅಬ್ದುಲ್ ಮಲಿಕ್ ಅವರ ಪಾಠಕ್ಕೆ ಬಂದು ಕುಳಿತುಕೊಳ್ಳುತ್ತಿದ್ದರೆಂದು ವರದಿಗಳು ಹೇಳುತ್ತವೆ.

ಇಬ್ನ್ ಅಸಾಕಿರ್ ಸ್ತ್ರೀಯರಿಗೆ ಇಷ್ಟು ಜಾಗ ಕೊಟ್ಟದ್ದು ಔದಾರ್ಯದಿಂದಲ್ಲ, ಅನುಭವದಿಂದ. ಬಗ್ದಾದ್, ಇಸ್ಫಹಾನ್, ನಿಶಾಪುರಗಳನ್ನು ಸುತ್ತಿ ವಿದ್ಯೆ ಗಳಿಸಿದ ಅವರ ಗುರುಗಳಲ್ಲಿ ಸುಮಾರು 80 ಮಂದಿ ಮಹಿಳೆಯರಿದ್ದರು. ಕಲಿಸಿದವರ ಹೆಸರು ಬಿಟ್ಟರೆ ಸನದ್ ತುಂಡಾಗುತ್ತದೆ. ಸನದ್ ತುಂಡಾದರೆ ವಿದ್ಯೆಗೆ ಬೆಲೆಯಿಲ್ಲ.

ಆಗಿನ ಕಾಲವೇನೂ ನೆಮ್ಮದಿಯದಾಗಿರಲಿಲ್ಲ. 1148ರಲ್ಲಿ ಕ್ರುಸೇಡರ ಸೇನೆ ದಮಾಸ್ಕಸ್‌ಗೆ ಮುತ್ತಿಗೆ ಹಾಕಿತ್ತು. 1154ರಲ್ಲಿ ನಗರವನ್ನು ವಶಪಡಿಸಿಕೊಂಡ ನೂರುದ್ದೀನ್ ಝಂಗಿ ಈ ಗ್ರಂಥ ಪೂರ್ಣಗೊಳ್ಳಲು ಉತ್ತೇಜನ ನೀಡಿದ, ಇಬ್ನ್ ಅಸಾಕಿರ್‌ಗಾಗಿ ಹದೀಸ್ ವಿದ್ಯಾಲಯವನ್ನೂ ಕಟ್ಟಿಸಿದ. ಆ ವಿದ್ವಾಂಸ ತೀರಿಕೊಂಡಾಗ ಜನಾಝಾದಲ್ಲಿ ಸುಲ್ತಾನ್ ಸಲಾಹುದ್ದೀನ್ ಪಾಲ್ಗೊಂಡಿದ್ದ.

ಹೆಣ್ಣುಮಕ್ಕಳು ಮಸೀದಿಗೆ ಬರಬಹುದೇ, ಎಷ್ಟು ಓದಬಹುದು ಎಂದು ಈಗಲೂ ನಮ್ಮಲ್ಲಿ ಕೆಲವರು ಚರ್ಚಿಸುತ್ತಿರುತ್ತಾರೆ. ಪೂರ್ವಿಕರ ಹೆಸರು ಹೇಳಿ ಬಾಗಿಲು ಮುಚ್ಚುವವರು ಆ ಪೂರ್ವಿಕರ ಪುಸ್ತಕಗಳನ್ನು ಕೊನೆಯ ಸಂಪುಟದವರೆಗೂ ಓದಬೇಕು. ಹೆಣ್ಣು ಕೇವಲ ಕಲಿಯಲು ಬಂದವಳಾಗಿ ಅಲ್ಲಿ ಕಾಣುವುದಿಲ್ಲ, ಕಲಿಸುವವಳಾಗಿ ಕಾಣುತ್ತಾಳೆ.